ಬೀಗದೊಳಗಿನ ವೋಟಿಗೆ ಎಂಟು ಬ್ರೆಡ್ಡು

ಬ್ಯಾಲಿಡ್ರೀನ್,
೧೮೩೭ನೇ ಆಗಸ್ಟ್ ೨, ಬುಧವಾರ ಬೆಳಿಗ್ಗೆ

ಪ್ರೀತಿಯ ಯಜಮಾನರಾದ ಮ್ಯಾಲಕಿಯವರಿಗೆ,

ಆರೋಗ್ಯವೇ? ಮೊಣಕಾಲು ನೋವು ಹೇಗಿದೆ? ಹದಿನೇಳು ಮಂದಿ ಮತದಾರರ ಜೊತೆ ತಂಗುಮನೆಯ ಮಾಳಿಗೆಯಲ್ಲಿ ನಾಲ್ಕು ದಿನದಿಂದ ಬೀಗದೊಳಗೆ ಕೂತು, ಹೊತ್ತುಹೊತ್ತಿಗೆ ಕುರಿಮಾಂಸ, ಬಿಸಿ ವಿಸ್ಕಿ ಸ್ವೀಕರಿಸುತ್ತಿರುವವರಿಗೆ ಮೊಣಕಾಲಿನ ನೆನಪು ಇರಲಿಕ್ಕಿಲ್ಲ. ಇಲ್ಲಿ ಒಲೆ ಕ್ಷೇಮ. ಅತ್ತೆಯವರೂ ಕ್ಷೇಮ, ಅಂದರೆ ಎದ್ದಾಗಿನಿಂದ ಬೈಯುತ್ತಿದ್ದಾರೆ. ನಿಮ್ಮ ಪಾಲಿನ ಹಿಟ್ಟನ್ನೂ ನಾದಿ ನಾದಿ ನನ್ನ ಭುಜವೊಂದು ಕ್ಷೇಮವಿಲ್ಲ.

ಶನಿವಾರದಿಂದ ನನ್ನ ಹೊಟ್ಟೆ ಉರಿಯುತ್ತಿದೆ, ಅದನ್ನು ಮೊದಲು ಕಾರಿಬಿಡುತ್ತೇನೆ. ಅಲ್ಲರೀ, ನಮ್ಮ ವಿಗ್ ಪಕ್ಷದವರೇ ಬಂದು, "ಎದುರು ಪಕ್ಷದ ಟೋರಿಗಳು ಯಜಮಾನ್ರನ್ನ ಹೊತ್ಕೊಂಡು ಹೋಗೋಕೆ ಮುಂಚೆ ನಾವೇ ಹೊತ್ಕೊಂಡು ಹೋಗ್ತೀವಿ ತಾಯಿ" ಎಂದು ನಿಮ್ಮನ್ನು ಗಾಡಿಗೆ ಏರಿಸಿದರಲ್ಲ, ವಿಗ್ಗರಿಗೇ ವೋಟು ಎಂದು ಹತ್ತು ವರ್ಷದಿಂದ ಹೇಳುತ್ತಿರುವ ಮನುಷ್ಯನಿಗೆ ಬೀಗ ಯಾಕೆ? ನೀವೂ ಅಷ್ಟೇ. ಗಾಡಿಯ ಹಿಂದಿನಿಂದ ಕತ್ತು ಚಾಚಿ, "ಅಂಗಡಿ ಕರಾರಿನ ವಿಷ್ಯ ನೀನು ಹೇಳ್ದಂಗೆ ಅಟ್ರಾಕ್ಟಾ! ನಂಗೆ ತೋಚ್ತಿಲ್ಲ!" ಎಂದು ಕೂಗಿ ಹೋದಿರಿ. ನಮ್ಮ ಬ್ರೆಡ್ಡಂಗಡಿಯ ಬಾಡಿಗೆ ಕರಾರು ಈ ನವೆಂಬರಿಗೆ ಮುಗಿಯುತ್ತದೆ, ಕಟ್ಟಡದ ಧಣಿ ಟೋರಿ. ಅವರ ಕಾರುಬಾರಿ ಪರ್ಡನ್ ಸಾಹೇಬರು ಎರಡು ಸಲ ಬಂದು, ಒಲೆಯ ಮುಂದೆ ಕೈ ಕಾಯಿಸಿಕೊಂಡು, "ಒಳ್ಳೆ ಒಲೆ. ನಾಳಿದ್ದು ನಿನ್ನ ಗಂಡ ಯಾರ ಹೆಸರು ಹೇಳ್ತಾನೋ ನೋಡೋಣ" ಎಂದು ಹೋಗಿದ್ದಾರೆ. ಇಡೀ ಊರಿನ ಮುಂದೆ ಗಂಟಲೆತ್ತಿ ಹೇಳುವ ವೋಟಿನಲ್ಲಿ ಮುಚ್ಚಿಡುವುದಕ್ಕೆ ಏನಿದೆ?

ಈಗ ಪತ್ರಿಕೆಗಳ ಘನಕಾರ್ಯ ಕೇಳಿ. ಟೋರಿಗಳ 'ಸೆಂಟ್ರಿ' ಪ್ರಕಾರ ನೀವು ಹುಟ್ಟಾ ಟೋರಿಯಂತೆ, ವಿಗ್ಗರು ಕುಡಿಸಿ ಎಳೆದೊಯ್ದರಂತೆ. ನಮ್ಮ ವಿಗ್ಗರ 'ಬೀಕನ್' ಪ್ರಕಾರ ಟೋರಿ ಪುಂಡರು ನಿಮ್ಮನ್ನು ಅಪಹರಿಸಿದ್ದಾರೆ, ನಿಮ್ಮ ಹತಭಾಗ್ಯ ಪತ್ನಿ ಏಳು ಮಕ್ಕಳನ್ನು ಕಟ್ಟಿಕೊಂಡು ಬೀದಿಯಲ್ಲಿ ಗೋಳಾಡುತ್ತಿದ್ದಾಳೆ! 'ಬೀಕನ್' ಸಂಪಾದಕರಾದ ಟ್ಯಾರಂಟ್ ಅವರು ನಿನ್ನೆ ಎಂದಿನಂತೆ ಬ್ರೆಡ್ಡಿಗೆ ಬಂದಾಗ ಕೇಳಿಯೇಬಿಟ್ಟೆ: "ಆ ಏಳು ಮಕ್ಕಳು ಎಲ್ಲಿದಾವೆ ಸ್ವಾಮೀ? ಹೆತ್ತವಳು ನಾನೂ ಒಂದ್ಸಲ ನೋಡ್ಬೇಕು." ಅವರು ಟೋಪಿ ತೆಗೆದು, "ಏನ್ಮಾಡೋದಮ್ಮ, ಸೆಂಟ್ರಿಯವನು ಅವನ ಕಡೆ ಮತದಾರನೊಬ್ಬನಿಗೆ ಐದು ಮಕ್ಕಳು ಕೊಟ್ಟ. ನಾವು ಕಮ್ಮಿ ಬೀಳೋಕಾಗುತ್ತಾ?" ಅಂದರು. ಒಳಗಿನಿಂದ ಅತ್ತೆಯವರು, "ಇಪ್ಪತ್ತು ವರ್ಷ ಹರಕೆ ಹೊತ್ರೂ ಆಗ್ದಿದ್ದನ್ನ ನಿನ್ನ ಅಚ್ಚಿನ ಮೊಳೆ ಒಂದೇ ದಿನದಲ್ಲಿ ಮಾಡ್ತಲ್ಲಪ್ಪ! ಹೆರಿಗೆಗೂ ನೀನೇ ಬಂದಿದ್ಯಾ?" ಎಂದರು. ಟ್ಯಾರಂಟ್ ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಓಡಿದರು.

ಓಡುವ ಮುಂಚೆ ಒಂದು ಮಾತು ಬಾಯಿಬಿಟ್ಟರು. ನಾಳೆ ಮತದಾನದ ಹೊತ್ತಿಗೆ ಟೋರಿಗಳ ವಕೀಲ ನಿಮ್ಮಲ್ಲಿ ಒಬ್ಬೊಬ್ಬರ ಕೈಗೂ ಬೈಬಲ್ ಕೊಟ್ಟು, 'ಈ ವೋಟಿಗಾಗಿ ಯಾರಿಂದಲೂ ಏನನ್ನೂ ಪಡೆದಿಲ್ಲ' ಎಂದು ಪುಸ್ತಕಕ್ಕೆ ಮುತ್ತಿಡಿಸಿ ಆಣೆ ಮಾಡಿಸುತ್ತಾನಂತೆ. ಮಾಡದಿದ್ದರೆ ವೋಟು ರದ್ದು. "ಹಾಗಾದ್ರೆ ನಿಮ್ಮ ಕುರಿಮಾಂಸ?" ಎಂದೆ. "ಪುಸ್ತಕಕ್ಕೆ ಮುತ್ತಿಡೋ ಬದ್ಲು ಹೆಬ್ಬೆರಳಿಗೆ ಇಟ್ರಾಯ್ತು, ಆಣೆ ತಟ್ಟಲ್ಲ, ಎಲ್ರೂ ಮಾಡೋದೇ ಅದು" ಅಂದರು. ಎಲ್ಲರೂ ಮಾಡಲಿ. ತೂಕ ಕಮ್ಮಿ ಬಿದ್ದ ಒಂದೇ ಒಂದು ಬ್ರೆಡ್ಡಿಗಾಗಿ ವಿಧವೆ ಹ್ಯಾನಫಿನ್ ಮನೆಗೆ ಮಳೆಯಲ್ಲಿ ನಡೆದುಹೋದ ಗಂಡಸು ನೀವು, ಹೆಬ್ಬೆರಳಿಗೆ ಮುತ್ತಿಡುತ್ತೀರಾ? ಪುಸ್ತಕ ಹಿಡಿದು ಕಂಬದ ಹಾಗೆ ನಿಲ್ಲುತ್ತೀರಿ, ಅಷ್ಟೇ. ಕಾಪಾಡುತ್ತೇವೆಂದು ಕೂಡಿಹಾಕಿದವರೇ ಉಣ್ಣಿಸಿ ಉಣ್ಣಿಸಿ ನಿಮ್ಮ ವೋಟನ್ನು ಕೊಂದಂತಾಯಿತು. ಇಂಥ ಜಾಣರಿಗೆ ಪಾರ್ಲಿಮೆಂಟು ಬೇಕಂತೆ!

ಅದಕ್ಕೇ ಈ ಪತ್ರದೊಂದಿಗೆ ದೊಡ್ಡ ಬ್ರೆಡ್ಡು ಎಂಟು ಕಳಿಸಿದ್ದೇನೆ. ಏಳು ತಂಗುಮನೆಯೊಡತಿಗೆ, ನೀವು ಈ ನಾಲ್ಕು ದಿನ ತಿಂದು ಕುಡಿದಿದ್ದಕ್ಕೆ ಬದಲು. ಈ ಪತ್ರ ತರುವ ಗಾಡಿಯವನ ಕೈಲಿ ನಿನ್ನೆಯೇ ಕೇಳಿಸಿದ್ದೆ, ಅವಳು ಒಪ್ಪಿದ್ದಾಳೆ, ವಿಗ್ ಕಮಿಟಿಯವರಿಂದ ನಿಮ್ಮ ಪಾಲಿನ ಹಣ ತೆಗೆದುಕೊಳ್ಳುವುದಿಲ್ಲ ಎಂದಿದ್ದಾಳೆ. ಎಂಟನೆಯದು ನಿಮಗೆ. ನಾಳೆಯವರೆಗೆ ಅದು ಬಿಟ್ಟು ಬೇರೇನೂ ಮುಟ್ಟಬೇಡಿ, ಮಾಂಸ ಎಷ್ಟೇ ಘಮಘಮಿಸಲಿ. ಆಮೇಲೆ ಪುಸ್ತಕಕ್ಕೇ ಮುತ್ತಿಡಿ, ಸದ್ದು ಕೇಳುವ ಹಾಗೆ.

ಅತ್ತೆಯವರು ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬೈಗುಳವನ್ನೂ ತಿಳಿಸಲು ಹೇಳಿದ್ದಾರೆ, ಕಾಗದ ಸಾಲದು.

ಇಲ್ಲದ ಏಳು ಮಕ್ಕಳ ತಾಯಿ,
ನಿಮ್ಮ ಅಟ್ರಾಕ್ಟಾ

ತಾ.ಕ.: ಅವಸರದಲ್ಲಿದ್ದೇನೆ, ಗಾಡಿಯವನು ಕಾಯುತ್ತಿದ್ದಾನೆ. ಈಗತಾನೇ ಪರ್ಡನ್ ಸಾಹೇಬರು ಮೂರನೇ ಸಲ ಬಂದು, ಹೊಸ ಕರಾರಿನ ಕಾಗದವನ್ನು ನನ್ನ ಹಿಟ್ಟಿನ ಹಲಗೆಯ ಮೇಲೆ ಹರಡಿ, "ಟೋರಿಗೆ ಹಾಕು ಅಂತ ಗಂಡನಿಗೆ ಒಂದು ಸಾಲು ಬರಿ, ಇಲ್ಲೇ ಸಹಿ ಮಾಡ್ತೀನಿ" ಎಂದರು. ನಾನು ಹೇಳಿದ ಹಾಗೆ ಎಂದಿದ್ದಿರಲ್ಲ, ಹೇಳಿಬಿಟ್ಟೆ. ಕಾಗದ ಮಡಿಸಿ ಅವರ ಕೈಗೆ ಕೊಟ್ಟು, ಬಾಗಿಲಿಗೆ ಬಂದು ನಿಂತು, ಸಂತೆಬೀದಿಗೆಲ್ಲ ಕೇಳುವ ಹಾಗೆ ವಿಗ್ ಅಭ್ಯರ್ಥಿಯ ಹೆಸರು ಕೂಗಿದೆ. ನವೆಂಬರಿಗೆ ಬೇರೆ ಒಲೆ ಹುಡುಕಬೇಕು. ನಾಳೆ ವಿಗ್ಗರ ಗಾಡಿ ಹತ್ತಬೇಡಿ, ಅದೂ ವೋಟಿಗಾಗಿ ಪಡೆದದ್ದೇ ಆಗುತ್ತದೆ, ಮೊಣಕಾಲು ನೋವಾದರೂ ನಡೆದು ಬನ್ನಿ. ನನ್ನ ವೋಟು ಆಯಿತು, ಇನ್ನು ನಿಮ್ಮದು.