ಒಂದು ಬಾಟಲಿ ಶರಬತ್ತು

ಮನೆ, ಅಡುಗೆಮನೆಯ ಮೇಜು
ಶನಿವಾರ, ಹದಿನಾಲ್ಕನೇ ತಾರೀಖು

ಮೆಕ್ಯಾನಿಕ್ ಗೆಳೆಯನ ಶೆಡ್ಡಿನಲ್ಲಿ ಬಿಡಾರ ಹೂಡಿರುವ ಮುದ್ದು ಅಣ್ಣನಿಗೆ,

ತಂಗಿಯಾದವಳು ಕೈಕಟ್ಟಿ ನಿಂತು ಮಾಡುವ ವಿಜ್ಞಾಪನೆ. ಹೇಗಿದ್ದೀಯ? ಆಕಳಿಕೆ, ಮೂಗಿನ ಸೋರಿಕೆ, ಕಾಲಿನ ಸೆಳೆತ, ಎಲ್ಲರೂ ಸಕುಟುಂಬ ಕ್ಷೇಮವೇ? ಚಟ ಬಿಡಿಸುವ ಆ ಮೆಥಡೋನ್ ಔಷಧಿ ನಿಂತು ಹನ್ನೆರಡು ದಿನವಾಯಿತಲ್ಲ, ಅವರೆಲ್ಲ ಬಂದಿಳಿದಿರಬೇಕು. ಹಳೆಯ ಹೆರಾಯಿನ್ ಮಿತ್ರರೂ ಬಾಗಿಲು ತಟ್ಟುತ್ತಿರಬಹುದು, ಒಳಗೆ ಕರೆಯಬೇಡ.

ಇಲ್ಲಿ ಎಲ್ಲರೂ ಸೌಖ್ಯ. ಅಮ್ಮ ಈಗಲೂ ಮರೆತು ನಿನ್ನ ತಟ್ಟೆ ಹಾಕುತ್ತಾಳೆ, ಅಪ್ಪ ಎತ್ತಿಡುತ್ತಾರೆ. ನಿನ್ನ ಕೋಣೆ ನನ್ನದಾಗಿದೆ. ಬೀಗದ ಔಷಧಿ ಪೆಟ್ಟಿಗೆಯಲ್ಲಿ ನನ್ನ ತಲೆಯ ಕ್ಲಿಪ್ಪುಗಳಿವೆ.

ಕ್ಲಿನಿಕ್ಕಿನ ಕಿಟಕಿ ನೆನಪಾಗುತ್ತದೆ. ಎಂಟು ತಿಂಗಳು, ಒಂದು ದಿನ ತಪ್ಪದೆ, ನರ್ಸಕ್ಕನ ಕಣ್ಣೆದುರೇ ಆ ಕಿತ್ತಳೆ ಬಣ್ಣದ ಔಷಧಿ ಕುಡಿದೆ. ಬಾಯಲ್ಲಿ ಅಡಗಿಸಿಕೊಂಡಿಲ್ಲ ಎನ್ನುವುದಕ್ಕೆ ಮಾತಾಡಿ ತೋರಿಸಬೇಕಿತ್ತು. ನಿನ್ನದು ದಿನಾ ಒಂದೇ ಮಾತು: "ಅಕ್ಕಾ, ಇವತ್ತೂ ಬದುಕಿದೀನಿ." ಕೊನೆಗೆ ನಂಬಿಕೆಯ ಮೇಲೆ ಐದು ದಿನದ ಬಾಟಲಿಗಳನ್ನು ಮನೆಗೇ ಕೊಟ್ಟಾಗ ಪದಕ ಗೆದ್ದವನ ಹಾಗೆ ಸಾಲಾಗಿ ಜೋಡಿಸಿದ್ದೆ. ಮರುದಿನವೇ ದಿಢೀರ್ ಕರೆ, ಬಾಟಲಿಗಳನ್ನು ತಂದು ತೋರಿಸು ಎಂದು. ಒಂದರಲ್ಲಿ ಅಪ್ಪಟ ಶರಬತ್ತು. ಔಷಧಿ ಮಾರಿಕೊಂಡಿದ್ದಾನೆ ಎಂದು ಡಾಕ್ಟರು ಚಿಕಿತ್ಸೆಯನ್ನೇ ನಿಲ್ಲಿಸಿದರು. ಅಪ್ಪ ನಿನ್ನ ಚೀಲವನ್ನು ಹೊಸಿಲಾಚೆ ಇಟ್ಟು, "ನಾಯಿ ಬಾಲ ಯಾವತ್ತಿದ್ರೂ ಡೊಂಕೇ" ಎಂದರು. ನೀನು ನನ್ನ ಕಡೆ ತಿರುಗಿದೆ. "ನೀನಾದ್ರೂ ನಂಬ್ತೀಯಲ್ವೇನೇ?" ನಾನು ನೆಲ ನೋಡಿದೆ. ಹುಟ್ಟಿದಾಗಿನಿಂದ ಅಷ್ಟು ಗಂಭೀರವಾಗಿ ಯಾವುದನ್ನೂ ನೋಡಿದವಳಲ್ಲ.

ಅಂದಿನಿಂದ ಅಪ್ಪ ಬಂದವರ ಮುಂದೆಲ್ಲ ನನ್ನ ತಲೆ ಸವರಿ, "ಇವಳೊಬ್ಬಳಾದ್ರೂ ನೆಟ್ಟಗಿದಾಳೆ" ಅನ್ನುತ್ತಾರೆ. ಅವರ ಕನ್ನಡಕಕ್ಕೆ ಎಣ್ಣೆ ಸವರಿದವಳಿಗೆ, ಸಕ್ಕರೆ ಡಬ್ಬಿಗೆ ಉಪ್ಪು ತುಂಬಿದವಳಿಗೆ ಈ ಬಿರುದು. ರುಚಿ ಹತ್ತಿಬಿಟ್ಟಿದೆ ಅಣ್ಣ. ಚಟ ಅಂದರೆ ಏನೆಂದು ಈಗ ಸ್ವಲ್ಪ ಅರ್ಥವಾಗುತ್ತಿದೆ.

ಚಿಕ್ಕವಳಾದರೂ ಹರಸುತ್ತೇನೆ: ಮೈ ಬೆಚ್ಚಗಿರಲಿ, ಬೆವರು ಬೇಗ ಆರಲಿ.

ನಿನ್ನ ಕೋಣೆಯ ಹೊಸ ಒಡತಿ,
ಕೋತಿ

ತಾ.ಕ.: ಶರಬತ್ತು ಸುರಿದವಳು ನಾನು. ನೀನು ಸ್ನಾನಕ್ಕೆ ಹೋದಾಗ ಬೀಗದ ಕೈ ಎತ್ತಿದೆ. ಆ ಶರಬತ್ತನ್ನು ಭಕ್ತಿಯಿಂದ ಕುಡಿದು ನೀನು "ಬದುಕಿದೀನಿ" ಅನ್ನುವಾಗ ನಗಬೇಕಿತ್ತು, ಅಷ್ಟೇ. ಆಮೇಲೆ ಬಚ್ಚಿಟ್ಟಿದ್ದ ಅಸಲಿ ಔಷಧಿಯನ್ನು ಕೊಡುವವಳಿದ್ದೆ. ಕ್ಲಿನಿಕ್ಕಿನ ಕರೆ ಬಂದದ್ದೇ ಹೆದರಿ ಅದನ್ನು ಬಚ್ಚಲಿಗೆ ಚೆಲ್ಲಿದೆ. ಸೋಮವಾರ ನರ್ಸಕ್ಕ ಬಂದಿದ್ದಳು. ನಡೆದದ್ದನ್ನು ಮನೆಯವರು ಯಾರಾದರೂ ಶುಕ್ರವಾರದೊಳಗೆ ಬರೆದುಕೊಟ್ಟರೆ ನಿನ್ನನ್ನು ಮತ್ತೆ ಸೇರಿಸಿಕೊಳ್ಳುತ್ತಾರಂತೆ; ಇಲ್ಲದಿದ್ದರೆ ನಿನ್ನ ಜಾಗ ಸರದಿಯಲ್ಲಿರುವ ಮುಂದಿನವನಿಗೆ. ಬರೆದೆ. ಅಷ್ಟರಲ್ಲಿ ಅಪ್ಪ ಬಂದು, "ಏನಮ್ಮಾ ಬರೀತಿದೀಯ?" ಎಂದು ತಲೆ ಸವರಿದರು. ಹರಿದು ಹಾಕಿದೆ. ಶುಕ್ರವಾರ ನಿನ್ನೆಯೇ ಮುಗಿಯಿತು.