ಬೆಂಕಿಪೊಟ್ಟಣಕ್ಕೆ ಹೊರಟ ಕಾರು

ಹೊಸ ಮನೆ, ಮೂರನೇ ಓಣಿ
ಮಾರ್ಚ್ ೧೨, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗಳೇ,

ಹೇಗಿದ್ದೀಯಮ್ಮಾ? ಹಡಗಿನ ಇಂಜಿನ್ ಕೋಣೆಯ ಸೆಕೆಗೆ ಮೈಯೆಲ್ಲ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಕಡಿಮೆಯಾಯಿತೇ? ಯಂತ್ರಕ್ಕೆ ಎಣ್ಣೆ ಹಾಕುವುದನ್ನು ಮರೆಯದ ನೀನು ನಿನ್ನ ಊಟ ಮಾತ್ರ ಮರೆಯುತ್ತೀಯ. ಇಲ್ಲಿ ನಾನು ಎಂದಿನಂತೆ ಗೊಣಗಿಕೊಂಡು ಗಟ್ಟಿಮುಟ್ಟಾಗಿದ್ದೇನೆ, ನಿನ್ನಮ್ಮ ಆ ಗೊಣಗಾಟ ಕೇಳಿಯೂ ಗಟ್ಟಿಮುಟ್ಟಾಗಿದ್ದಾಳೆ. “ಅಪ್ಪಾ, ಲೈಸೆನ್ಸ್ ರಿನ್ಯೂ ಮಾಡಿಸಿದ್ಯಾ? ಮುಂದಿನ ತಿಂಗಳು ನಾನು ಇಳಿಯೋವಾಗ ಬಂದರಿಗೆ ಕಾರ್ ತರ್ತೀಯ ತಾನೇ?” ಎಂದು ಎರಡು ಪತ್ರದಲ್ಲೂ ಕೇಳಿದ್ದೀಯ. ಮೂವತ್ತೆಂಟು ವರ್ಷ ಊರಿಗೆಲ್ಲ ಡ್ರೈವಿಂಗ್ ಕಲಿಸಿದವನನ್ನು ಕೇಳುವ ಪ್ರಶ್ನೆಯೇ ಇದು! ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ.

ನೀನು ಹಟ ಹಿಡಿದು ನಮ್ಮನ್ನು ತಂದು ಕೂರಿಸಿದ ಈ ಬಡಾವಣೆಯ ಮೇಲೆ ನನಗೆ ಮೊದಲ ದಿನವೇ ಸಿಟ್ಟು ಬಂದಿತ್ತು. ಕಾರುಗಳೆಲ್ಲ ಹೊರಗೇಟಿನ ಪಕ್ಕದಲ್ಲೇ ನಿಲ್ಲಬೇಕಂತೆ, ಒಳಗೆ ಬರೀ ಕಾಲುದಾರಿಯಂತೆ, ಸಾಮಾನು ತರಲು ಕೈಗಾಡಿಯಂತೆ! ಬಂದ ಮೂರನೇ ದಿನ ಬೆಂಕಿಪೊಟ್ಟಣ ಮುಗಿಯಿತು. ನಾನು ಠೀವಿಯಿಂದ ಕೀಲಿ ತಿರುಗಿಸುತ್ತಾ ಹೊರಟೆ. ಗೇಟಿನ ತನಕ ನಡೆದು, ಸುತ್ತುರಸ್ತೆ ಹಿಡಿದು, ಎರಡು ಸಿಗ್ನಲ್ ದಾಟಿ, ಕಾರು ನಿಲ್ಲಿಸಲು ಜಾಗ ಹುಡುಕಿ ಅಂಗಡಿಗೆ ಹೋದರೆ, ಅಂಗಡಿಯಾಕೆ “ನಿಮ್ಮ ಮನೆಯವ್ರು ಆಗ್ಲೇ ತಗೊಂಡು ಹೋದ್ರಲ್ಲಾ ಮೇಷ್ಟ್ರೇ” ಎಂದಳು. ಅಂಗಡಿ ಇರುವುದು ನಮ್ಮ ಹಿತ್ತಲ ಗೋಡೆಯ ಆಚೆ ಓಣಿಯಲ್ಲಿ! ನಾನು ಮನೆ ಸೇರುವಷ್ಟರಲ್ಲಿ ನನ್ನ ಪಾಲಿನ ಚಹಾ ಆರಿತ್ತು. “ದಂಡಯಾತ್ರೆ ಮುಗೀತಾ ಮಹಾರಾಜ್ರೇ?” ಎಂದು ನಿನ್ನಮ್ಮ ಕೇಳಿದ್ದು ಇಡೀ ಓಣಿಗೆ ಹರಡಿದೆ. ಸಾಲದ್ದಕ್ಕೆ ನನ್ನ ಅಭ್ಯಾಸಬಲ ಬೇರೆ. ನಡೆಯುವಾಗಲೂ ತಿರುವಿನಲ್ಲಿ ಕೈಚಾಚಿ ಸಿಗ್ನಲ್ ಕೊಡುತ್ತೇನೆ. ಎದುರುಮನೆಯ ಕ್ಷೌರಿಕ ಹಿಂದಿನಿಂದ “ಓವರ್‌ಟೇಕ್ ಮಾಡ್ಲಾ?” ಎಂದು ಕೂಗುತ್ತಾನೆ, ಪೋಕರಿ.

ನಿನ್ನಮ್ಮನ ವಿಷಯ ಮಾತ್ರ ನಗೆಯಾಡುವಂಥದ್ದಲ್ಲ. ಹಳೇ ಮನೆಯಲ್ಲಿ ಗೇಟು ತೆರೆದರೆ ಎದುರಿಗೆ ಲಾರಿ, ಕಾಲಿಡಲು ಜಾಗವಿಲ್ಲ. ಎಲ್ಲಿಗೆ ಹೋಗಬೇಕಾದರೂ ಅವಳು “ಕರ್ಕೊಂಡು ಹೋಗ್ತೀರಾ?” ಎಂದು ಕೇಳಬೇಕಿತ್ತು, ನಾನು “ನಾಳೆ ನೋಡೋಣ” ಎನ್ನುತ್ತಿದ್ದೆ. ಈಗ ಕೇಳುವುದೇ ಇಲ್ಲ. “ಹೋಗ್ಬರ್ತೀನ್ರೀ, ಬಾಗಿಲು ಹಾಕ್ಕೊಳ್ಳಿ” ಎಂದು ಚಪ್ಪಲಿ ಮೆಟ್ಟಿ ಹೊರಟೇಬಿಡುತ್ತಾಳೆ. ಮಂಡಿನೋವಿಗೆ ಡಾಕ್ಟರ ಹತ್ತಿರ ಒಬ್ಬಳೇ ಹೋಗುತ್ತಾಳೆ, ಗ್ರಂಥಾಲಯದಿಂದ ಪುಸ್ತಕ ತರುತ್ತಾಳೆ, ಒಂದು ಕಟ್ಟು ಸೊಪ್ಪಿಗೆ ಹೋದವಳು ದಾರಿಬದಿಯ ಬೆಂಚಿನಲ್ಲಿ ದರ್ಜಿಯಾಕೆಯ ಜೊತೆ ಹರಟೆ ಹೊಡೆದು ಒಂದೂವರೆ ಗಂಟೆಯ ಮೇಲೆ ಬರುತ್ತಾಳೆ. ನಿಜ ಹೇಳುತ್ತೇನೆ, ಮೊದಮೊದಲು ನಾನು ಯಾರಿಗೂ ಬೇಡವಾದೆನೇ ಎನಿಸಿತು. ಆಮೇಲೆ ನಾಚಿಕೆಯಾಯಿತು. ಸಾವಿರಾರು ಜನಕ್ಕೆ ಸ್ಟೇರಿಂಗ್ ಹಿಡಿಸಿದವನು ಅವಳಿಗೆ ಕಲಿಸಿದ್ದು ಒಂದೇ ದಿನ. ಅಂದು ನಾನು ಕಿರುಚಾಡಿದೆ, ಅವಳು ಇಳಿದು ನಡೆದು ಮನೆಗೆ ಹೋದಳು. ಪೀಡೆ ಕಳೆಯಿತೆಂದು ನಾನೂ ಮತ್ತೆ ಕರೆಯಲಿಲ್ಲ. ಅವಳಿಗೆ ಮನೆಯಲ್ಲೇ ಇರುವುದು ಇಷ್ಟವೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀನು ಮಾಡಿದ್ದೇ ಸರಿ, ಒಪ್ಪಿಕೊಂಡೆ. ಇದನ್ನು ಅವಳಿಗೆ ತೋರಿಸಬೇಡ.

ಜೋಪಾನವಾಗಿರು ಮಗಳೇ, ಸಮುದ್ರ ನಿನ್ನನ್ನು ಸುಖವಾಗಿ ತಂದು ದಡಕ್ಕೆ ಬಿಡಲಿ. ನಿನ್ನಮ್ಮನ ಆಶೀರ್ವಾದವನ್ನೂ ನಾನೇ ಬರೆಯುತ್ತಿದ್ದೇನೆ, ಆಕೆ ಮನೆಯಲ್ಲಿಲ್ಲ.

ನಿನ್ನ ಅಪ್ಪ
(ಓಣಿಯವರ ಬಾಯಲ್ಲಿ ‘ಬ್ರೇಕ್ ಮೇಷ್ಟ್ರು’)

ತಾ.ಕ.: ಅಂಚೆಗೆ ಹೊತ್ತಾಯಿತು. ಮರೆತಿದ್ದೆ ಎಂದು ಸುಳ್ಳು ಹೇಳುವುದಿಲ್ಲ, ಬರೆಯಲು ಕೈ ಏಳಲಿಲ್ಲ. ಮೊನ್ನೆ ಮಂಗಳವಾರ ಗೇಟಿನ ಹತ್ತಿರ ಕಾರು ಹಿಂದಕ್ಕೆ ತೆಗೆಯುತ್ತಿದ್ದೆ. ಡಿಕ್ಕಿಯ ಮೇಲೆ ಯಾರೋ ಧಡಧಡ ಬಡಿದರು. ಇಳಿದು ನೋಡಿದರೆ ನಿನ್ನಮ್ಮ, ಕೈಗಾಡಿ ಹಿಡಿದು ನಿಂತಿದ್ದಾಳೆ. “ಈ ವಯಸ್ಸಲ್ಲೂ ತಮಾಷೇನಾ ನಿಮ್ಗೆ!” ಎಂದು ನಕ್ಕಳು. ತಮಾಷೆಯಲ್ಲ ಕಣಮ್ಮಾ. ಕನ್ನಡಿ ನೋಡಿದ್ದೆ, ಪಕ್ಕಕ್ಕೂ ನೋಡಿದ್ದೆ, ಅವಳು ಕಾಣಲೇ ಇಲ್ಲ. ಒಂದು ಗೇಣು ಉಳಿದಿತ್ತು. ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ನಡೆದೇ ಹೋದೆ. ಪಕ್ಕದ ನೋಟ ಹೋಗುತ್ತಿದೆಯಂತೆ. ಹೋದದ್ದು ಬಾರದು, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬೇಕು. ಲೈಸೆನ್ಸ್ ರಿನ್ಯೂ ಮಾಡಿಸುವುದಿಲ್ಲ. ಕಾರನ್ನು ನನ್ನ ಹಳೇ ಡ್ರೈವಿಂಗ್ ಸ್ಕೂಲಿನವರು ನಾಳೆ ಒಯ್ಯುತ್ತಾರೆ. ನಿನ್ನಮ್ಮನಿಗೆ ಇಂದು ಸಂಜೆ ಹೇಳುತ್ತೇನೆ, ಧೈರ್ಯಕ್ಕೆ ಮೊದಲು ನಿನಗೆ ಬರೆದೆ. ಬಂದರಿಗೆ ಬಸ್ಸಿನಲ್ಲಿ ಬರುತ್ತೇನೆ, ಖಂಡಿತ ಬರುತ್ತೇನೆ. ನೀನು ಪಕ್ಕದಿಂದ ಬಂದರೆ ನನಗೆ ಕಾಣದೇ ಇರಬಹುದು. ಅಪ್ಪ ನೋಡಿಯೂ ನೋಡದ ಹಾಗೆ ನಿಂತಿದ್ದಾನೆ ಎಂದುಕೊಳ್ಳಬೇಡ, ಜೋರಾಗಿ ‘ಅಪ್ಪಾ’ ಎಂದು ಕೂಗು.