ಕಪ್ಪೆ ಸೈನಿಕನ ಎಡಗಾಲು

ಹುಬ್ಬಳ್ಳಿ,
ಹದಿಮೂರನೆಯ ತಿಂಗಳ ಒಂಬತ್ತನೆಯ ತಾರೀಖು, ಇಸವಿ ೨೧೫೩

ಶ್ರೀ ಶಿವಯೋಗಿ ಹೊಂಬಳ ಅವರಿಗೆ ಚಂಪಾವತಿ ಕರಡಿಗುಡ್ಡ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ, ಯಾರೋ ಗೆಳೆಯರು ಚೇಷ್ಟೆ ಮಾಡಿದ್ದಾರೆಂದು ಈ ಕಾಗದವನ್ನು ಮುದ್ದೆ ಮಾಡಿ ಎಸೆಯಬೇಡಿ. ನಮ್ಮ ಕಾಲದಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ನಿಮ್ಮ ಲೆಕ್ಕದಲ್ಲಿ ನಾನಿನ್ನೂ ಹುಟ್ಟಿಲ್ಲ, ನನ್ನ ಅಜ್ಜಿಯೂ ಹುಟ್ಟಿಲ್ಲ. ಭಾಷೆ ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹೇಗೋ ಉಳಿದುಬಂದ ಮದುವೆಯ ಕರೆಯೋಲೆಗಳಿಂದ ಮತ್ತು ಬಸ್ಸಿನೊಳಗಿನ ಸೂಚನಾ ಫಲಕಗಳಿಂದ. ಹಾಗಾಗಿ ನನ್ನ ಮಾತು ಒಮ್ಮೆ ‘ತಮ್ಮ ಆಗಮನಾಭಿಲಾಷಿಗಳು’ ಎಂಬಂತೆಯೂ ಮತ್ತೊಮ್ಮೆ ‘ಕೈ ತಲೆ ಹೊರಗೆ ಹಾಕಬಾರದು’ ಎಂಬಂತೆಯೂ ಕೇಳಿಸಬಹುದು.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಕಾಗದವಲ್ಲದೆ ಬೇರೇನೂ ಅದರಲ್ಲಿ ಹೋಗುವುದಿಲ್ಲ, ಉತ್ತರ ಬರುವುದಿಲ್ಲ, ಎಷ್ಟೋ ಕಾಗದಗಳು ದಾರಿಯಲ್ಲೇ ಕಾಣೆಯಾಗುತ್ತವೆ. ಒಬ್ಬರಿಗೆ ಬದುಕಿನಲ್ಲಿ ಒಂದೇ ಕಾಗದದ ಅವಕಾಶ. ನನ್ನ ಪಾಲಿನದನ್ನು ನಮ್ಮವ್ವನಿಗೆ ಬರೆಯಬೇಕೆಂದು ಇಟ್ಟುಕೊಂಡಿದ್ದೆ. ನಾನು ಸಣ್ಣವಳಿದ್ದಾಗಲೇ ಅವಳು ತೀರಿಕೊಂಡಳು. ಈಗ ಅದನ್ನು ಗುರುತು ಪರಿಚಯವಿಲ್ಲದ ನಿಮಗೆ ಖರ್ಚು ಮಾಡುತ್ತಿದ್ದೇನೆ. ಅವ್ವ ಬೇಜಾರು ಮಾಡಿಕೊಳ್ಳಲಾರಳು. ನಾನು ಮಾಡಿದ್ದನ್ನು ಕೇಳಿದ್ದರೆ ಅವಳೇ ಕಿವಿ ಹಿಂಡಿ ಕೂರಿಸಿ ಬರೆಸುತ್ತಿದ್ದಳು.

ನಿಮ್ಮ ವಿಳಾಸ ನನಗೆ ಸಿಕ್ಕಿದ್ದು ಆಟಿಕೆಯ ಪೆಟ್ಟಿಗೆಯ ಮೇಲೆ ಕೊರಿಯರಿನವರು ಅಂಟಿಸಿದ ಚೀಟಿಯಿಂದ. ‘ಹಳೇ ಹಿಟ್ಟಿನ ಗಿರಣಿ ಸಂದಿ, ಬೇವಿನ ಗಿಡದ ಎದುರು, ನೀಲಿ ಗೇಟು, ಬಂದ ಮೇಲೆ ಫೋನ್ ಮಾಡಿರಿ’ ಎಂದು ಅದರಲ್ಲಿತ್ತು. ಗೇಟಿಗೆ ನೀವು ಬೇರೆ ಬಣ್ಣ ಹಚ್ಚಿಲ್ಲವೆಂದು ನಂಬಿ ಅದೇ ವಿಳಾಸ ಹಾಕಿದ್ದೇನೆ. ಆ ಚೀಟಿ ಈಗ ಪೆಟ್ಟಿಗೆಯ ಮೇಲಿಲ್ಲ. ಅದನ್ನೂ ನಾನೇ ಕಿತ್ತೆ.

ನಾನು ಇಲ್ಲಿನ ಆಟಿಕೆ ಭವನದಲ್ಲಿ ಹೊಸಗಾರ್ತಿಯಾಗಿದ್ದೇನೆ. ಹಳೆಯ ವಸ್ತುವನ್ನು ಅದು ಕಾರ್ಖಾನೆಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆ ಮಾಡಿ ನಿಲ್ಲಿಸುವವರನ್ನು ನಮ್ಮಲ್ಲಿ ಹಾಗೆ ಕರೆಯುತ್ತಾರೆ. ಇದು ಭಾರಿ ಗೌರವದ ಕೆಲಸ. ನೀವು ಪ್ಲಾಸ್ಟಿಕ್ ಎನ್ನುವುದನ್ನು ನಾವು ‘ಅಳಿಯದ್ದು’ ಎನ್ನುತ್ತೇವೆ. ಅದನ್ನು ಮಾಡುವುದು ನಿಂತು ಬಹಳ ಕಾಲವಾಯಿತು. ನಮ್ಮ ಮಕ್ಕಳ ಗೊಂಬೆಗಳು ಜೋಳದ ದಂಟಿನ ತಿರುಳಿನವು, ಮಳೆಗಾಲ ಬಂದರೆ ಕರಗಿಹೋಗುತ್ತವೆ. ಮಕ್ಕಳು ಒಂದು ದಿನ ಅತ್ತು, ಮರುದಿನ ಹೊಸದು ಕೇಳುತ್ತಾರೆ. ಕಂಪ್ಯೂಟರುಗಳು ಗೋಡೆಯೊಳಗೆ ಸೇರಿಹೋಗಿವೆ. ಅವುಗಳ ಹೊಟ್ಟೆಯಲ್ಲೇನಿದೆ ಎಂದು ಕಂಡವರಿಲ್ಲ. ಆಟಗಳೂ ಬದಲಾಗಿವೆ. ಕಣ್ಣು ಮುಚ್ಚಿ ಮಲಗಿ, ತಲೆಯೊಳಗೇ ಆಡುವ ‘ಮಲಗಾಟ’ ನಮ್ಮದು. ಹೆಬ್ಬೆರಳಿಗೆ ಅದರಲ್ಲಿ ಕೆಲಸವಿಲ್ಲ, ಪಕ್ಕದಲ್ಲಿ ಕೂತವರಿಗೆ ಏನೂ ಕಾಣುವುದಿಲ್ಲ. ಮನೆಮಂದಿಯೆಲ್ಲ ಮಲಗಿ ಒಬ್ಬೊಬ್ಬರು ಒಂದೊಂದು ಕಡೆ ನಗುತ್ತಿರುತ್ತಾರೆ. ಹುಬ್ಬಳ್ಳಿಯಲ್ಲಿ ನಿಮಗೆ ಗುರುತು ಸಿಗುವಂಥದ್ದು ಏನಾದರೂ ಉಳಿದಿದ್ದರೆ ಅದು ಗಿರ್ಮಿಟ್ ಒಂದೇ. ಅದಕ್ಕೂ ಈಗ ಈರುಳ್ಳಿ ಕಡಿಮೆ ಹಾಕುತ್ತಾರೆ.

ಇಂಥ ಕಾಲದಲ್ಲಿ ನಿಮ್ಮ ಕೋಣೆ ನಮ್ಮ ಭವನಕ್ಕೆ ಬಂತು. ಕೋಣೆ ಎಂದರೆ ಅದರ ಸಾಮಾನೆಲ್ಲ: ಗಾಜಿನ ಕಪಾಟು, ಅದರಲ್ಲಿ ಸಾಲುಸಾಲಾಗಿ ಪೆಟ್ಟಿಗೆ ಒಡೆಯದೆ ಇಟ್ಟ ಗೊಂಬೆಗಳು, ನೀವೇ ಬಿಡಿ ಭಾಗಗಳನ್ನು ತಂದು ಜೋಡಿಸಿದ ದೊಡ್ಡ ಕಂಪ್ಯೂಟರು, ಆಟದ ಯಂತ್ರ, ಎರಡು ಕಂಟ್ರೋಲರು. ಕಂಪ್ಯೂಟರಿನ ಫ್ಯಾನುಗಳಲ್ಲಿ ಬಣ್ಣಬಣ್ಣದ ದೀಪ ತಿರುಗುವುದನ್ನು ಕಂಡು, ಇದು ಗಣಪತಿ ಕೂರಿಸುವ ಮಂಟಪವಿರಬೇಕೆಂದು ನಮ್ಮ ವಿದ್ವಾಂಸರೊಬ್ಬರು ಉದ್ದದ ಉಪನ್ಯಾಸವನ್ನೇ ಕೊಟ್ಟರು. ಗಣಪತಿಯನ್ನು ಎಲ್ಲಿ ಕೂರಿಸುತ್ತಿದ್ದರು ಎಂದು ಸಭೆಯಲ್ಲಿ ಯಾರೋ ಕೇಳಿದಾಗ ಅವರು ಗ್ರಾಫಿಕ್ಸ್ ಕಾರ್ಡನ್ನು ತೋರಿಸಿದರು. ನಾವೆಲ್ಲ ತಲೆಯಾಡಿಸಿದೆವು.

ಇದನ್ನೆಲ್ಲ ಭವನಕ್ಕೆ ಕೊಟ್ಟವರು ನೀಲಗಂಗವ್ವ. ನಿಮ್ಮ ಮಗಳು ಇಂಚರಾಳ ಮಗಳ ಮಗಳು. ಈಗ ಎಪ್ಪತ್ತು ದಾಟಿದ್ದಾರೆ, ಕಣ್ಣು ಮಂದ. ಸಣ್ಣ ಮನೆಗೆ ಹೋಗಬೇಕಾಗಿ ಬಂದಾಗ, ಸಾಮಾನಿಗೆ ಜಾಗವಿಲ್ಲವೆಂದು ನಮಗೆ ಒಪ್ಪಿಸಿದರು. ಬಂದವರು ಏನೋ ಹೇಳಲು ನಿಂತಿದ್ದರು. ನನಗೆ ಕಪಾಟು ಬಿಚ್ಚುವ ಆತುರ. ಎಲ್ಲ ಚೆನ್ನಾಗಿ ನೋಡಿಕೊಳ್ಳುತ್ತೇವೆ, ಚಿಂತೆ ಮಾಡಬೇಡಿ ಎಂದು ಬಾಗಿಲ ತನಕ ಕಳಿಸಿಕೊಟ್ಟು ಬಂದೆ.

ಇನ್ನು ಹೇಳುವುದನ್ನು ಬರೆಯಲು ಕೈ ಹಿಂದೆ ಸರಿಯುತ್ತದೆ. ಕಂಪ್ಯೂಟರಿನ ಮೈಮೇಲೆ ವಿಭೂತಿಯ ಮೂರು ಗೆರೆಗಳಿದ್ದವು, ನಡುವೆ ಕುಂಕುಮ. ವರ್ಷವರ್ಷ ಆಯುಧ, ಯಂತ್ರಗಳಿಗೆ ಮಾಡುವ ಖಂಡೇ ಪೂಜೆಯಲ್ಲಿ ಹಳೆಯದರ ಮೇಲೆ ಹೊಸದು ಹಚ್ಚಿ ದಪ್ಪಗಾಗಿದ್ದವು. ನಾನು ಅದನ್ನು ಕೆರೆದು ತೆಗೆದೆ. ಫ್ಯಾನಿನ ಜಾಲರಿಯ ಹಿಂದೆ ಒಂದು ಒಣಗಿದ ಬನ್ನಿ ಎಲೆ ಸಿಕ್ಕಿಕೊಂಡಿತ್ತು. ಕಸವೆಂದು ಊದಿದೆ. ಎರಡನೆಯ ಕಂಟ್ರೋಲರಿನ ಅಂಚಿನಲ್ಲಿ ಪುಟ್ಟ ಹಲ್ಲಿನ ಗುರುತುಗಳಿದ್ದವು. ಅವನ್ನು ತುಂಬಿ, ಉಜ್ಜಿ, ಸಪಾಟು ಮಾಡಿದೆ. ಗೊಂಬೆಗಳಲ್ಲಿ ಒಂದು ಮಾತ್ರ ಪೆಟ್ಟಿಗೆಯ ಹೊರಗಿತ್ತು: ಗದೆ ಹಿಡಿದ, ಕಪ್ಪೆಮುಖದ ಸೈನಿಕ. ಅದರ ಎಡಗಾಲ ಅಡಿಯಲ್ಲಿ ನೀಲಿ ಬಾಲ್ ಪೆನ್ನಿನಿಂದ ಸೊಟ್ಟಸೊಟ್ಟಗೆ ‘ಇಂಚರಾ’ ಎಂದು ಬರೆದಿತ್ತು. ನಾನದನ್ನು ಓದಿದೆ. ಓದಲಿಲ್ಲ ಎಂದು ಹೇಳಲಾರೆ. ಯಾವುದೋ ಮಗು ಇಂಥ ಅಪರೂಪದ ವಸ್ತುವನ್ನು ಕೆಡಿಸಿಟ್ಟಿದೆಯಲ್ಲ ಎಂದು ಸಿಡಿಮಿಡಿಗೊಂಡು, ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದೆ. ಹತ್ತಿ ನೀಲಿಯಾಯಿತು. ಅದನ್ನು ಕಸದ ಬುಟ್ಟಿಗೆ ಹಾಕಿ, ನನ್ನ ಕೆಲಸ ನೋಡಿಕೊಂಡು ನನಗೆ ನಾನೇ ಶಹಬ್ಬಾಸ್ ಎಂದುಕೊಂಡೆ.

ಭವನದವರಿಗೂ ಖುಷಿಯಾಯಿತು. ಬನ್ನಿ ಹಬ್ಬದ ಸಂಜೆ ಸಮಾರಂಭ ಇಟ್ಟು ನನಗೆ ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಟ್ಟರು. ಕಾಲ ಎಷ್ಟು ಬದಲಾದರೂ ಶಾಲು ಮತ್ತು ಹಣ್ಣಿನ ಬುಟ್ಟಿ ಬದಲಾಗಿಲ್ಲ, ನಿಮಗೆ ಸಮಾಧಾನವಾಗಲಿ. ನೀಲಗಂಗವ್ವನನ್ನೂ ಕರೆಸಿದ್ದರು. ಭಾಷಣಗಳು ಮುಗಿದ ಮೇಲೆ ಅವರು ನಿಧಾನವಾಗಿ ಕಪಾಟಿನ ಹತ್ತಿರ ಬಂದು, ಕಪ್ಪೆ ಸೈನಿಕನನ್ನು ಒಮ್ಮೆ ಕೈಗೆ ಕೊಡಲು ಕೇಳಿದರು. ನಾನೇ ತೆಗೆದುಕೊಟ್ಟೆ. ಅವರು ಅದನ್ನು ತಿರುಗಿಸಿ, ಎಡಗಾಲನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡಿದರು. ದೀಪದ ಕಡೆ ತಿರುಗಿ ಮತ್ತೆ ನೋಡಿದರು. ಬಲಗಾಲನ್ನೂ ನೋಡಿದರು.

“ಎಡಗಾಲ ಅಡಿ ನಮ್ಮಜ್ಜಿ ಹೆಸರಿತ್ತಲ್ಲವಾ,” ಎಂದರು. “ಎಲ್ಲಿ ಹೋತು?”

ನನ್ನ ಹೆಗಲ ಮೇಲೆ ಶಾಲಿತ್ತು, ಸುತ್ತ ಜನರಿದ್ದರು. ನಾನು ಎಂದೆ: “ನಮ್ ಕೈಗೆ ಬರೂದ್ರಾಗ ಅದು ತಾನ ಮಾಸಿ ಹೋಗಿತ್ರೀ.”

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅವರು ನಂಬಿದರು. ಗೊಂಬೆಯನ್ನು ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಕೂತು, ಅಂದು ಬಾಗಿಲಲ್ಲಿ ನಿಂತು ಹೇಳಲು ಹೊರಟಿದ್ದನ್ನು ಹೇಳಿದರು. ನೀವು ಸಂಜೆ ಆಟಕ್ಕೆ ಕೂತಾಗ ಇಂಚರಾ ನಿಮ್ಮ ತೊಡೆಯೇರುತ್ತಿದ್ದಳಂತೆ. ನೀವು ಅವಳ ಕೈಗೆ ಯಾವುದಕ್ಕೂ ಜೋಡಿಸದ ಎರಡನೆಯ ಕಂಟ್ರೋಲರನ್ನು ಕೊಡುತ್ತಿದ್ದಿರಂತೆ. ಆಟದೊಳಗಿನ ಕಪ್ಪೆ ಸೈನಿಕನನ್ನು ಓಡಿಸುತ್ತಿರುವುದು ತಾನೇ ಎಂದು ಅವಳು ಅದನ್ನು ಕಚ್ಚಿ ಹಿಡಿದು ಗುಂಡಿ ಒತ್ತುತ್ತಿದ್ದಳಂತೆ. ದೊಡ್ಡವಳಾದ ಮೇಲೆ ನಿಜ ಗೊತ್ತಾಗಿ, ತಾನು ಕೊಂದ ರಾಕ್ಷಸರನ್ನೆಲ್ಲ ಅಪ್ಪ ಕೊಂದದ್ದೆಂದು ಒಂದು ವಾರ ಮುನಿಸಿಕೊಂಡಿದ್ದಳಂತೆ. ಒಂದು ವರ್ಷ ಖಂಡೇ ಪೂಜೆಯ ಹಿಂದಿನ ದಿನ ಅವಳು ಕಪಾಟಿಗೆ ಕೈ ಹಾಕಿ, ನೀವು ಯಾರಿಗೂ ಮುಟ್ಟಗೊಡದ ಪೆಟ್ಟಿಗೆ ಹರಿದು ಸೈನಿಕನನ್ನು ಹೊರಗೆ ತೆಗೆದಳಂತೆ. ನೀವು ಮನೆ ಹಾರಿಹೋಗುವ ಹಾಗೆ ಕೂಗಾಡಿದಿರಿ. ಮರುದಿನ ಪೂಜೆಯಾದ ಮೇಲೆ ನಿಮಗೇ ನಾಚಿಕೆಯಾಗಿ, ಅವಳನ್ನು ಕರೆದು ಪೆನ್ನು ಕೊಟ್ಟು, ಇದು ಇನ್ನು ನಿನ್ನದು, ಹೆಸರು ಬರಿ ಎಂದಿರಿ. ಅವಳು ಶಾಲೆಯ ಪಾಟಿಯ ಹೊರಗೆ ಬರೆದ ಮೊದಲ ಅಕ್ಷರಗಳು ಅವು.

ಕೊನೆಗೆ ಉಳಿದಿದ್ದ ಅಕ್ಷರಗಳೂ ಅವೇ ಎಂದು ಈಗ ಹೇಳಬೇಕಾಗಿದೆ. ನೀವೆಲ್ಲ ಫೋಟೋ, ಪತ್ರ, ವಿಡಿಯೋ ಇಟ್ಟುಕೊಂಡಿದ್ದ ಆಕಾಶದ ಉಗ್ರಾಣಗಳು ನನ್ನ ಅಜ್ಜಿಯ ಕಾಲದಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದವು. ಇಂಚರಾಳ ಮುಖವಾಗಲಿ ದನಿಯಾಗಲಿ ಈಗ ಎಲ್ಲಿಯೂ ಇಲ್ಲ. ಮೊಮ್ಮಗಳಿಗೆ ಅವಳ ಕೈಯ ಗುರುತೆಂದು ಉಳಿದಿದ್ದದ್ದು ಆ ಎಡಗಾಲಿನಲ್ಲಿತ್ತು.

ಹೊರಡುವಾಗ ನೀಲಗಂಗವ್ವ ನನ್ನ ಮುಖ ನೋಡಿ ಏನೆಂದುಕೊಂಡರೋ, ನನಗೇ ಸಮಾಧಾನ ಹೇಳಿದರು. “ಹೋಗ್ಲಿ ಬಿಡವಾ. ಪೆನ್ನಿನ ಶಾಯಿ, ಎಷ್ಟ ದಿನಾ ಅಂತ ಇದ್ದೀತು? ನೀ ಏನ್ ಮಾಡ್ತಿ ಪಾಪ.” ಹಾಗೆಂದು ಸೆರಗಿನ ಗಂಟು ಬಿಚ್ಚಿ ನನ್ನ ಅಂಗೈಗೆ ಬನ್ನಿ ಇಟ್ಟರು. “ಬನ್ನಿ ತಗೋ, ಬಂಗಾರದಂಗ ಇರೋಣು.”

ಅಂದಿನಿಂದ ನನಗೆ ಊಟ ಸರಿಯಾಗಿ ಸೇರುತ್ತಿಲ್ಲ. ಹಣ್ಣಿನ ಬುಟ್ಟಿಯನ್ನು ಓಣಿಯ ಮಕ್ಕಳಿಗೆ ಹಂಚಿದೆ. ಶಾಲನ್ನು ಎಲ್ಲಿಡಬೇಕೆಂದು ತಿಳಿಯದೆ ಪೆಟ್ಟಿಗೆಯ ತಳಕ್ಕೆ ಹಾಕಿದ್ದೇನೆ. ಹೊಸದಾಗಿ ಕಾಣುವುದೇ ಚೆಂದವೆಂದು ನಂಬಿ ಇಷ್ಟು ವರ್ಷ ಎಷ್ಟು ಮನೆಗಳ ಗುರುತು ತೊಳೆದು ಹಾಕಿದೆನೋ! ನನ್ನ ಕೆಲಸಕ್ಕೇ ನಾಚಿಕೆಯಾಗುತ್ತದೆ. ಅದಕ್ಕಿಂತ ಆ ಒಂದು ಮಾತಿಗೆ ಹೆಚ್ಚು ನಾಚಿಕೆಯಾಗುತ್ತದೆ. ಒರೆಸಿದ್ದು ಅದರ ಬೆಲೆ ತಿಳಿಯದೆ. ಸುಳ್ಳು ಹೇಳಿದ್ದು ಮಾತ್ರ ಪೂರ್ತಿ ತಿಳಿದೇ.

ನಿಮ್ಮನ್ನೂ ಒಂದು ಮಾತು ಕೇಳದೆ ಬಿಡಲಾರೆ. ಅಷ್ಟು ಗೊಂಬೆ ತಂದು ಒಂದರ ಪೆಟ್ಟಿಗೆಯನ್ನೂ ಒಡೆಯದೆ ಇಟ್ಟಿರಲ್ಲ, ಯಾರಿಗಾಗಿ? ನಮಗಾಗಿ ಎಂದಾದರೆ, ಸ್ವಾಮಿ, ನಮ್ಮ ಕಥೆ ಹೀಗಿದೆ. ನಿಮ್ಮ ಒಡೆಯದ ಪೆಟ್ಟಿಗೆಗಳ ಮುಂದೆ ಇಲ್ಲಿ ಯಾರೂ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಶಾಲೆಯ ಮಕ್ಕಳು ಆಕಳಿಸುತ್ತ ದಾಟಿ ಹೋಗುತ್ತಾರೆ.

ಈಗ ನನ್ನ ಬೇಡಿಕೆ. ನಾನು ಲೆಕ್ಕ ಹಾಕಿದ ಹಾಗೆ, ನಿಮ್ಮ ಈ ವರ್ಷದ ಖಂಡೇ ಪೂಜೆಗೇ ಇಂಚರಾ ಆ ಪೆಟ್ಟಿಗೆ ಹರಿಯುವುದು. ಅವಳನ್ನು ತಡೆಯಬೇಡಿ. ಬೈಯಬೇಡಿ ಎಂದೂ ನಾನು ಹೇಳುವುದಿಲ್ಲ. ಬೈಯದಿದ್ದರೆ ನಿಮಗೆ ನಾಚಿಕೆಯಾಗದೆ, ಹೆಸರು ಬರೆಸುವುದೇ ತಪ್ಪಿಹೋದೀತೆಂದು ಹೆದರಿಕೆ. ಎಲ್ಲ ನಡೆದ ಹಾಗೆಯೇ ನಡೆಯಲಿ. ಒಂದೇ ಒಂದು ಬದಲಾವಣೆ ಮಾಡಿ: ಅವಳ ಕೈಗೆ ಪೆನ್ನು ಕೊಡಬೇಡಿ. ಕಂಪ್ಯೂಟರು ಬಿಚ್ಚಲು ಇಟ್ಟುಕೊಂಡ ಸಣ್ಣ ಸ್ಕ್ರೂಡ್ರೈವರ್ ಇದೆಯಲ್ಲ, ಅದನ್ನು ಕೊಟ್ಟು, ಅವಳ ಕೈಯ ಮೇಲೆ ನಿಮ್ಮ ಕೈಯಿಟ್ಟು ಕೆತ್ತಿಸಿ. ಗೊಂಬೆ ಕೆಡುತ್ತದೆ, ನನಗೆ ಗೊತ್ತು. ನಿಮ್ಮ ಗೆಳೆಯರು ನೋಡಿ ಅಯ್ಯಯ್ಯೋ ಎನ್ನುತ್ತಾರೆ. ಎನ್ನಲಿ. ನನ್ನ ಹತ್ತಿಗೆ ಸಿಗದಷ್ಟು ಕೆಡಿಸಿ.

ಕೆತ್ತಿದ್ದು ಉಳಿದರೆ ನಾನು ಒರೆಸುವಂತಿಲ್ಲ, ಒರೆಸದಿದ್ದರೆ ಈ ಕಾಗದ ಬರೆಯುವಂತಿಲ್ಲ. ಲೆಕ್ಕ ಕೂಡುವುದಿಲ್ಲವೆಂದು ಹಿಂದಂಚೆಯ ಗುಮಾಸ್ತರೂ ಹೇಳಿದರು. ಕೂಡದಿದ್ದರೆ ಬೇಡ. ಬರೆದು ಹಾಕುವುದು ನನ್ನ ಪಾಲಿನ ಕೆಲಸ.

ನಾಳೆ ಬೆಳಗ್ಗೆ ನೀಲಗಂಗವ್ವನನ್ನು ಭವನಕ್ಕೆ ಬರಹೇಳಿದ್ದೇನೆ. ಹೆಸರು ಇರಲಿ, ಇಲ್ಲದಿರಲಿ, ಕಪಾಟು ತೆಗೆಯುವ ಮೊದಲೇ ಅವರಿಗೆ ಹೇಳುತ್ತೇನೆ: ಮಾಸಿದ್ದಲ್ಲ, ಒರೆಸಿದ್ದು ನಾನು. ಆಮೇಲೆ ಸೈನಿಕನನ್ನು ಅವರ ಕೈಗೆ ಕೊಡುತ್ತೇನೆ. ಈ ಎರಡು ತಿಂಗಳಲ್ಲಿ ಅವರ ಕಣ್ಣು ಇನ್ನೂ ಮಂದವಾಗಿದೆಯಂತೆ, ದೀಪದ ಹತ್ತಿರ ಹಿಡಿದರೂ ಕಾಣುವುದಿಲ್ಲವಂತೆ.

ಆಳವಾಗಿ ಕೆತ್ತಿಸಿ, ಶಿವಯೋಗಿಯವರೇ. ಬೆರಳಿಗೆ ಸಿಗಬೇಕು.

ಇತಿ,
ಚಂಪಾವತಿ ಕರಡಿಗುಡ್ಡ